ಓಟು ಕೇಳುವ ಮೊದಲು ಒಂದು ಆಟಿ ಇಲ್ಲಿ ಮಲಗಿ: ಹೊರಗಿರುವ ಊರಿನವರಿಗೆ ಬಹಿರಂಗ ಪತ್ರ

ದುಬೈ, ದೋಹಾ, ಕುವೈತ್, ಮುಂಬೈ, ಲಂಡನ್, ಟೊರೊಂಟೊ ಅಂತ ಚದುರಿಹೋಗಿರುವ ನಮ್ಮ ಉಡುಪಿ, ಮಂಗಳೂರಿನ ಬಂಧುಗಳಿಗೆ ಕಟಪಾಡಿಯಿಂದ ನಮಸ್ಕಾರ.

ಕಳೆದ ಫೆಬ್ರವರಿಯಲ್ಲಿ ನಮ್ಮ ಕುಟುಂಬದ ಮನೆಯಲ್ಲಿ ದೈವದ ನೇಮೋತ್ಸವ ಇತ್ತು. ನಿಮ್ಮ ಹಾಗೆ ಹೊರಗಿರುವವರು ಎಲ್ಲೆಲ್ಲಿಂದಲೋ ರಜೆ ಹಾಕಿ ಬಂದಿದ್ದರು. ರಾತ್ರಿ ಊಟ ಮುಗಿದಿತ್ತು. ದೈವ ಕಟ್ಟುವವರು ಬಣ್ಣ ಹಚ್ಚಿಕೊಳ್ಳುತ್ತಿದ್ದರು. ಚಪ್ಪರದ ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಹುಡುಗರು ಮಾತಿಗೆ ಕೂತರು. ಮಾತು ತುಳುನಾಡು ಪ್ರತ್ಯೇಕ ರಾಜ್ಯದ ಕಡೆ ಹೋಯಿತು. ಅಲ್ಲಿಂದ, ಬೇರೆ ದೇಶವಾಗಬೇಕಾ ಅಂತ ಜನರ ಓಟು ಕೇಳಿದ ಸ್ಕಾಟ್ಲೆಂಡ್, ಕ್ಯಾಟಲೋನಿಯಾ ಅಂತ ಇನ್ನೂ ದೂರ ಹೋಯಿತು. ದುಬೈಯಿಂದ ಬಂದವನೊಬ್ಬ ಅಂದ, "ನಾಳೆ ನಮ್ಮ ನೆಲದ ಬಗ್ಗೆ ಅಂಥ ಓಟು ಬಂದರೆ ನಮಗೂ ಹಕ್ಕು ಬೇಕು ಮಾರಾಯ್ರೆ. ದೇವಸ್ಥಾನಕ್ಕೆ, ಶಾಲೆಗೆ, ಈ ಚಪ್ಪರಕ್ಕೂ ದುಡ್ಡು ಕಳಿಸುವುದು ನಾವಲ್ವಾ?" ಮುಂಬೈಯಲ್ಲೇ ಹುಟ್ಟಿ ಬೆಳೆದ ಇನ್ನೊಬ್ಬನಿದ್ದಾನೆ. ಅವನಿಗೆ ತುಳು ಅರ್ಥವಾಗುತ್ತದೆ, ಮಾತಾಡಲು ಬರುವುದಿಲ್ಲ. ಅವನೂ "ನನಗೂ ಬೇಕು" ಅಂದ.

ನಾನು ಆಗ ಸುಮ್ಮನಿದ್ದೆ. ಚಪ್ಪರದ ಖರ್ಚಿನಲ್ಲಿ ಆ ಹುಡುಗನ ಪಾಲು ನನ್ನದಕ್ಕಿಂತ ಜಾಸ್ತಿ ಇತ್ತು, ಅದೂ ಒಂದು ಕಾರಣ. ಈಗ ಬರೆಯುತ್ತಿದ್ದೇನೆ.

ನಾನೂ ಹೊರಗಿದ್ದವನೇ. 1991ರಿಂದ 23 ವರ್ಷ ಜೆದ್ದಾದಲ್ಲಿ ದುಡಿದೆ. ಹಾಗಾಗಿ ಊರು ಬಿಟ್ಟವರ ಮೇಲಿನ ಸಿಟ್ಟಿನಿಂದ ಬರೆದದ್ದು ಅಂತ ತಿಳಿಯಬೇಡಿ. ಊರನ್ನು ಆಳುವವರನ್ನು ಆರಿಸುವ ಓಟು ನಿಮಗೆ ಇರಲೇಬೇಕು, ಅದನ್ನು ನೀವಿರುವಲ್ಲಿಂದಲೇ ಹಾಕುವ ಹಾಗಿರಬೇಕು. ಆದರೆ ಒಂದು ನೆಲ ಬೇರೆ ದೇಶವಾಗಬೇಕಾ ಬೇಡವಾ ಅನ್ನುವ ಓಟು ಬೇರೆಯೇ ಜಾತಿಯದು. ಐದು ವರ್ಷ ಕಳೆದ ಮೇಲೆ ಅದನ್ನು ತಿದ್ದಲು ಆಗುವುದಿಲ್ಲ. ಅದನ್ನು ಆ ನೆಲದ ಮೇಲೆ ಇರುವವರಿಗೇ ಬಿಡಬೇಕು ಅಂತ ನನ್ನ ವಾದ.

ನಮ್ಮಲ್ಲಿ ಅಂಥ ಓಟು ಬರುವುದೇ ಇಲ್ಲ, ಅದನ್ನೂ ಹೇಳಿಬಿಡುತ್ತೇನೆ. ದೇಶದಿಂದ ಬೇರೆಯಾಗುವ ದಾರಿ ನಮ್ಮ ಸಂವಿಧಾನದಲ್ಲಿ ಇಲ್ಲ, ನಮಗೆ ಅದು ಬೇಕಾಗಿಯೂ ಇಲ್ಲ. ಹೊಸ ರಾಜ್ಯ ಮಾಡುವುದು, ಗಡಿ ಬದಲಿಸುವುದು 3ನೇ ವಿಧಿಯ ಪ್ರಕಾರ ಸಂಸತ್ತಿನ ಕೆಲಸ. ವಿಧಾನಸಭೆಯ ಅಭಿಪ್ರಾಯ ಕೇಳುತ್ತಾರೆ, ಜನರದ್ದನ್ನು ಕೇಳಬೇಕೆಂದಿಲ್ಲ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಈಚೆಗೆ ಬರಬೇಕು ಅಂತ 1967ರಲ್ಲಿ ಗಡಿ ತಕರಾರು ನೋಡಿದ ಮಹಾಜನ್ ಆಯೋಗ ಹೇಳಿತು, ಆ ಮಾತು ವರದಿಯಲ್ಲೇ ಉಳಿಯಿತು. ಅಲ್ಲಿಯ ತುಳು, ಕನ್ನಡದ ಮನೆಗಳ ಬಾಗಿಲಿಗೆ ಓಟಿನ ಚೀಟಿ ಯಾರೂ ತರಲಿಲ್ಲ. ಚಪ್ಪರದ ಚರ್ಚೆ ಹಾಗಾಗಿ ಸುಮ್ನೆ ಬಾಯಿ ಚಪಲ. ಆದರೆ ಬೇರೆ ದೇಶಗಳಲ್ಲಿ ಇದು ಚಪಲ ಅಲ್ಲ.

ನನ್ನ ಅಕ್ಕನ ಮಗ, ಅಂದರೆ ನಮ್ಮ ಲೆಕ್ಕದಲ್ಲಿ ಅಳಿಯ, 2014ರಲ್ಲಿ ಎಡಿನ್‌ಬರೊದಲ್ಲಿ ಕೆಲಸದಲ್ಲಿದ್ದ. ಅಲ್ಲಿಗೆ ಹೋಗಿ ಮೂರು ವರ್ಷ ಆಗಿತ್ತು, ಕೈಯಲ್ಲಿದ್ದದ್ದು ನಮ್ಮ ಪಾಸ್‌ಪೋರ್ಟೇ. ಸೆಪ್ಟೆಂಬರ್ ತಿಂಗಳಲ್ಲಿ ಒಂದು ರಾತ್ರಿ ಫೋನ್ ಮಾಡಿದ. "ಮಾವ, ನಾಡಿದ್ದು ನನಗೆ ಓಟು ಉಂಟು. ಸ್ಕಾಟ್ಲೆಂಡ್ ಬೇರೆ ದೇಶ ಆಗಬೇಕಾ ಅಂತ ಕೇಳ್ತಾರೆ." ನಾನು ತಮಾಷೆ ಅಂದುಕೊಂಡೆ. ತಮಾಷೆ ಆಗಿರಲಿಲ್ಲ. ಅಲ್ಲಿ ವಾಸವಿರುವ ಕಾಮನ್‌ವೆಲ್ತ್ ದೇಶಗಳ ಜನರಿಗೂ, ಐರೋಪ್ಯ ಒಕ್ಕೂಟದ ದೇಶಗಳವರಿಗೂ ಓಟು ಕೊಟ್ಟಿದ್ದರು. 16 ತುಂಬಿದ ಮಕ್ಕಳಿಗೂ ಇತ್ತು. ಆದರೆ ಸ್ಕಾಟ್ಲೆಂಡಿನಲ್ಲೇ ಹುಟ್ಟಿ ಲಂಡನ್‌ಗೆ ಕೆಲಸಕ್ಕೆ ಹೋದವನಿಗೆ ಇರಲಿಲ್ಲ. ನಟ ಶಾನ್ ಕಾನರಿ ಎಡಿನ್‌ಬರೊದಲ್ಲಿ ಹುಟ್ಟಿದವರು, ಸ್ವತಂತ್ರ ಸ್ಕಾಟ್ಲೆಂಡ್ ಬೇಕು ಅಂತ ವರ್ಷಗಟ್ಟಲೆ ಹೇಳಿದವರು. ಮನೆ ಬಹಾಮಾಸ್‌ನಲ್ಲಿದ್ದ ಕಾರಣ ಅವರಿಗೂ ಓಟಿಲ್ಲ. ಕಟಪಾಡಿಯ ಹುಡುಗನಿಗೆ ಉಂಟು!

ಅದೇ ವರ್ಷ ಏಪ್ರಿಲ್ 17ಕ್ಕೆ ಉಡುಪಿಯಲ್ಲಿ ಲೋಕಸಭೆಗೆ ಓಟು ನಡೆದಿತ್ತು. ಅವನಿಗೆ ಹಾಕಲು ಆಗಲಿಲ್ಲ. ಅಜ್ಜ ನೆಟ್ಟ ಹಲಸಿನ ಮರ ಇರುವ ಊರಿನಲ್ಲಿ ಓಟು ಹಾಕಲಾಗಲಿಲ್ಲ, ಬಾಡಿಗೆ ಮನೆ ಇರುವ ಊರಿನ ಹಣೆಬರಹ ಬರೆಯಲು ಕರೆದರು. ಇದೆಂಥ ನ್ಯಾಯ ಅಂತ ನಾನು ಕೇಳಿದೆ. ಅವನು ಹೇಳಿದ್ದು ಇನ್ನೂ ನೆನಪಿದೆ. "ಮಾವ, ನಾಳೆ ಇಲ್ಲಿ ದುಡ್ಡು ಬದಲಾದರೆ ನನ್ನ ಸಂಬಳ ಬದಲಾಗ್ತದೆ. ಆಸ್ಪತ್ರೆ ಬದಲಾದರೆ ಕ್ಯೂ ನಿಲ್ಲುವುದು ನಾನು. ಲಂಡನ್‌ನಲ್ಲಿ ಇರುವವನಿಗೆ ಬೇಜಾರಾದೀತು, ಅಷ್ಟೇ." ಸೆಪ್ಟೆಂಬರ್ 18ಕ್ಕೆ ಓಟಾಯಿತು. ನೂರಕ್ಕೆ 84.6 ಜನ ಬಂದು ಹಾಕಿದರು. ಬೇಡ ಅಂದವರು 55.3, ಬೇಕು ಅಂದವರು 44.7. ಅವನು ಯಾವುದಕ್ಕೆ ಹಾಕಿದ ಅಂತ ಇವತ್ತಿಗೂ ಹೇಳಿಲ್ಲ.

ಮೂರು ವರ್ಷ ಇದ್ದವನಿಗೆ ಅಂಥ ಓಟು ಕೊಟ್ಟದ್ದು ಸ್ವಲ್ಪ ಜಾಸ್ತಿಯಾಯಿತು ಅಂತ ನನಗೆ ಅನಿಸುತ್ತದೆ, ಸೋದರಳಿಯನೇ ಆದರೂ. ಫ್ರಾನ್ಸ್‌ನ ಕೈಯಲ್ಲಿರುವ ನ್ಯೂ ಕ್ಯಾಲೆಡೋನಿಯಾ ದ್ವೀಪದಲ್ಲಿ ಇದಕ್ಕೆ ಉಲ್ಟಾ. ಅಲ್ಲಿ 2018, 2020, 2021ರಲ್ಲಿ ಮೂರು ಸಲ ಸ್ವಾತಂತ್ರ್ಯದ ಓಟು ನಡೆಯಿತು, ಈಚೆಗೆ ಬಂದು ನೆಲೆಸಿದವರನ್ನು ಪಟ್ಟಿಯಿಂದ ಹೊರಗೇ ಇಟ್ಟಿದ್ದರು. ಪ್ರಾಂತ್ಯದ ಚುನಾವಣೆಗಾದರೂ ಅವರನ್ನು ಸೇರಿಸೋಣ ಅಂತ 2024ರಲ್ಲಿ ಹೊರಟಾಗ ಬೀದಿ ಹೊತ್ತಿ ಉರಿಯಿತು, ಜನ ಸತ್ತರು. ಪಟ್ಟಿಯಲ್ಲಿ ಯಾರಿರಬೇಕು ಅನ್ನುವುದು ಗುಮಾಸ್ತರ ಕೆಲಸ ಅಂತ ಕಾಣುತ್ತದೆ, ಆದರೆ ಅರ್ಧ ಫಲಿತಾಂಶ ಅಲ್ಲೇ ಬರೆದಾಗಿರುತ್ತದೆ. ಆಫ್ರಿಕಾದ ಪಶ್ಚಿಮ ಸಹಾರಾ ಸ್ವತಂತ್ರವಾಗಬೇಕಾ, ಮೊರಾಕೊಗೆ ಸೇರಬೇಕಾ ಅಂತ ಓಟು ಮಾಡಿಸಲು ವಿಶ್ವಸಂಸ್ಥೆಯವರು 1991ರಲ್ಲೇ ಹೋಗಿ ಕೂತರು. ನಾನು ಜೆದ್ದಾಕ್ಕೆ ಹೋದ ವರ್ಷ ಅದು. ಯಾರು ಓಟುದಾರ ಅನ್ನುವ ಜಗಳವೇ ಮುಗಿಯದೆ ಆ ಓಟು ಇವತ್ತಿನವರೆಗೂ ನಡೆದಿಲ್ಲ. ನಾನು ದುಡಿದು, ಸುಸ್ತಾಗಿ, ವಾಪಸು ಬಂದೂ ಆಯಿತು.

ಈಗ ನಮ್ಮ ಮನೆಯ ಕಥೆಗೆ ಬರುತ್ತೇನೆ. ಕುಟುಂಬದವರಿಗೆ ಇದು ಇಷ್ಟವಾಗಲಿಕ್ಕಿಲ್ಲ.

ನಮ್ಮ ಕುಟುಂಬದ ಮನೆಗೆ ಹಂಚಿನ ಮಾಡು. ಅಜ್ಜಂದಿರ ಕಾಲದ ಮಂಗಳೂರು ಹಂಚು, ಕೆಳಗೆ ಹಲಸಿನ ಪಕ್ಕಾಸು. ನೋಡಲು ಚಂದ. ನೇಮಕ್ಕೆ ಬಂದವರೆಲ್ಲ ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತೀರಿ. ವರ್ಷದ ಉಳಿದ ದಿನ ಅಲ್ಲಿರುವುದು ನಮ್ಮ ದೊಡ್ಡಮ್ಮ ಮತ್ತು ಅವರ ಮಗಳ ಸಂಸಾರ. ಆಟಿ ತಿಂಗಳ, ಅಂದರೆ ಜುಲೈ, ಆಗಸ್ಟ್‌ನ ಜಡಿಮಳೆಗೆ ಆರು ಕಡೆ ಸೋರುತ್ತದೆ. ಬಕೆಟ್, ಚೆಂಬು, ಹಳೆ ಕಡಾಯಿ, ಸಿಕ್ಕಿದ್ದನ್ನೆಲ್ಲ ಇಡುತ್ತಾರೆ. ಮಂಗ ಹಾರಿ ಹಂಚು ಒಡೆದರೆ ಅದನ್ನು ಬದಲಿಸುವ ಕೆಲಸದವರು ಈಗ ಸಿಗುವುದಿಲ್ಲ. ದೊಡ್ಡಮ್ಮನ ಆಸೆ ಒಂದೇ, ಮಾಡು ಇಳಿಸಿ ತಾರಸಿ ಹಾಕಬೇಕು.

ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಈ ವಿಷಯ ಬಂತು. ಪ್ರಜಾಪ್ರಭುತ್ವ ಅಲ್ವಾ, ಓಟು ಇಟ್ಟರು. ಹಂಚೇ ಇರಲಿ ಅಂದವರು 31. ತಾರಸಿ ಆಗಲಿ ಅಂದವರು 6. ಆ ಆರು ಜನ ಯಾರೆಂದು ಲೆಕ್ಕ ಹಾಕಿದೆ. ಆರೂ ಜನ ಕಟಪಾಡಿ, ಶಿರ್ವ, ಕಾಪು ಆಸುಪಾಸಿನಲ್ಲೇ ಇರುವವರು. 31ರಲ್ಲಿ ಇಬ್ಬರು ಮಾತ್ರ ಊರಿನವರು, ಅವರಿಗೂ ಮಂಗಳೂರಿನಲ್ಲಿ ಫ್ಲ್ಯಾಟ್ ಇದೆ. "ನಮ್ಮ ಪರಂಪರೆ", "ಹಂಚು ತೆಗೆದರೆ ಮನೆಯ ಆತ್ಮವೇ ಹೋದ ಹಾಗೆ" ಅಂತೆಲ್ಲ ಗುಂಪಿನಲ್ಲಿ ಮಾತು. ದೊಡ್ಡಮ್ಮನಿಗೆ ಟೈಪ್ ಮಾಡಲು ಬರುವುದಿಲ್ಲ. ಮೊಮ್ಮಗಳ ಫೋನಿನಲ್ಲಿ ಒಂದು ವಾಯ್ಸ್ ಮೆಸೇಜು ಹಾಕಿದರು. "ಓಟು ಹಾಕಿದವರೆಲ್ಲ ಒಂದು ಆಟಿ ಬಂದು ಈ ಕೋಣೆಯಲ್ಲಿ ಮಲಗಲಿ. ಮತ್ತೆ ಮಾತಾಡುವ."

ಗಲ್ಫ್‌ನ ಶಾಲೆಗಳಿಗೆ ರಜೆ ಇರುವುದೇ ಆಟಿಯಲ್ಲಿ. ನೀವು ಬಾರದೇ ಏನಿಲ್ಲ. ಬರುತ್ತೀರಿ, ಮಂಗಳೂರಿನ ಫ್ಲ್ಯಾಟಿನಲ್ಲಿ ಇಳಿದುಕೊಳ್ಳುತ್ತೀರಿ. ಒಂದು ದಿನ ಕುಟುಂಬದ ಮನೆಗೆ ಬಂದು, ಪತ್ರೊಡೆ ತಿಂದು, ಕತ್ತಲಾಗುವ ಮೊದಲು ಹೊರಡುತ್ತೀರಿ. ನಾನೂ 23 ವರ್ಷ ಅದನ್ನೇ ಮಾಡಿದವನು, ಫ್ಲ್ಯಾಟೊಂದು ಇರಲಿಲ್ಲ.

ದೂರ ಹೋದಷ್ಟೂ ಊರು ನಮ್ಮ ತಲೆಯೊಳಗೆ ಹಂಚಿನ ಮನೆಯಾಗಿಯೇ ನಿಂತುಬಿಡುತ್ತದೆ. ಅದರಲ್ಲಿ ಸೋರಿಕೆ ಇಲ್ಲ, ಕರೆಂಟು ಹೋಗುವುದಿಲ್ಲ, ಶಂಕರಪುರದ ಮಲ್ಲಿಗೆಯ ಘಮ ಮಾತ್ರ ಇರುತ್ತದೆ. ಮಲ್ಲಿಗೆಯ ಅಟ್ಟೆಗೆ, ಅಂದರೆ ಹೂವಿನ ಕಟ್ಟಿಗೆ, ಇವತ್ತು ರೇಟು ಬಿತ್ತು, ಗಿಡಕ್ಕೆ ರೋಗ ಬಂತು ಅನ್ನುವುದು ನನ್ನ ಹೆಂಡತಿಗೆ ಗೊತ್ತು. ದುಬೈಯಲ್ಲಿ ಮಲ್ಲಿಗೆ ಮುಡಿಯುವವರಿಗೆ ಗೊತ್ತಿಲ್ಲ, ಅದು ಅವರ ತಪ್ಪೂ ಅಲ್ಲ. ಆದರೆ ತಲೆಯೊಳಗಿನ ಊರಿಗಾಗಿ ಹಾಕಿದ ಓಟು ನಿಜವಾದ ಊರಿನ ಮೇಲೆ ಬೀಳುತ್ತದೆ.

ಇದನ್ನು ನಾನು ಮೊದಲು ಕಂಡದ್ದು ಜೆದ್ದಾದಲ್ಲಿ. ನಮ್ಮ ಕ್ಯಾಂಪಿನ ಅಡುಗೆ ಕೋಣೆಯಲ್ಲಿ ಎರಿಟ್ರಿಯಾದವನೊಬ್ಬ ಇದ್ದ. ಆಗ ಅದು ಕಾಗದದಲ್ಲಿ ಇನ್ನೂ ಇಥಿಯೋಪಿಯಾದ ಭಾಗ. 30 ವರ್ಷ ಯುದ್ಧ ಮಾಡಿ ಗೆದ್ದಿದ್ದರು. 1993ರ ಏಪ್ರಿಲ್‌ನಲ್ಲಿ ಸ್ವಾತಂತ್ರ್ಯಕ್ಕೆ ಓಟು ನಡೆಯಿತು. ಹೊರದೇಶದಲ್ಲಿರುವವರಿಗೂ ಓಟು ಇತ್ತು, ಸೌದಿಯಲ್ಲೂ ಹಾಕಿಸಿದರು. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ ಬಂದ. ಆ ರಾತ್ರಿ ನಮಗೆಲ್ಲ ಅವನದೇ ಊಟ. ಕುಣಿದ, ಅತ್ತ. ನಾನೂ ಕಣ್ಣೊರೆಸಿಕೊಂಡೆ, ಸುಳ್ಳು ಯಾಕೆ ಹೇಳಲಿ. ಬೇಕು ಅಂದವರು ನೂರಕ್ಕೆ 99.8. ಊರಿನಲ್ಲಿದ್ದವರಿಗೂ ಹೊರಗಿದ್ದವರಿಗೂ ಆಗ ಭೇದವೇ ಇರಲಿಲ್ಲ.

ಆಮೇಲೆ ಏನಾಯಿತು? ಸ್ವಾತಂತ್ರ್ಯ ಬಂದ ಮೇಲೆ ಆ ದೇಶದಲ್ಲಿ ಇವತ್ತಿನವರೆಗೆ ಒಂದೂ ರಾಷ್ಟ್ರೀಯ ಚುನಾವಣೆ ನಡೆದಿಲ್ಲ. ಹುಡುಗ ಹುಡುಗಿಯರನ್ನು ಕಡ್ಡಾಯ ಸೇವೆಗೆ ಕರೆದುಕೊಂಡು ಹೋದರೆ ಬಿಡುವುದು ಯಾವಾಗ ಅಂತ ಗೊತ್ತಿರುವುದಿಲ್ಲ. ಅಲ್ಲಿಂದ ಓಡಿಬರುವವರ ಸಾಲು ನಿಂತೇ ಇಲ್ಲ. ಹೊರಗಿರುವವರು ಮಾತ್ರ ಸಂಪಾದನೆಯ ನೂರಕ್ಕೆ ಎರಡರಷ್ಟು ತೆರಿಗೆ ಕಟ್ಟಬೇಕು, ಇಲ್ಲದಿದ್ದರೆ ರಾಯಭಾರ ಕಚೇರಿಯಲ್ಲಿ ಕಾಗದಪತ್ರ ಸಿಗುವುದು ಕಷ್ಟ. ನನ್ನ ಗೆಳೆಯ ಅದನ್ನು ಕಟ್ಟುತ್ತಿದ್ದ. ಊರಿಗೆ ಯಾವಾಗ ಹೋಗ್ತೀ ಅಂತ ಕೇಳಿದರೆ ಪಾತ್ರೆ ತೊಳೆಯಲು ಎದ್ದು ಹೋಗುತ್ತಿದ್ದ. ನಾನು ವಾಪಸು ಬರುವವರೆಗೂ ಅವನು ಹೋಗಿರಲಿಲ್ಲ.

ಆ ಓಟು ತಪ್ಪು ಅಂತ ನಾನು ಹೇಳುತ್ತಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಬೇಕು ಅಂತಲೇ ಹಾಕುತ್ತಿದ್ದೆ. ಹೊರಗಿನವರ ಓಟು ಬಿಟ್ಟು ಎಣಿಸಿದರೂ ಫಲಿತಾಂಶ ಬೇರೆ ಆಗುತ್ತಿರಲಿಲ್ಲ. ನನ್ನನ್ನು ಕಾಡುವುದು ಆಮೇಲಿನ ವಿಷಯ. ಓಟು ಹಾಕಿ ಕುಣಿದವನಿಗೆ ಜೆದ್ದಾದಲ್ಲಿ ಕೆಲಸ ಇತ್ತು. ಎರಿಟ್ರಿಯಾದಲ್ಲಿ ಉಳಿದ ಅವನ ತಮ್ಮನಿಗೆ ಬೇರೆ ದಾರಿ ಇರಲಿಲ್ಲ. ದಕ್ಷಿಣ ಸುಡಾನ್‌ನಲ್ಲೂ ಇದೇ. 2011ರ ಜನವರಿಯಲ್ಲಿ ಎಂಟು ಹೊರದೇಶಗಳಲ್ಲಿ ಓಟಿನ ಪೆಟ್ಟಿಗೆ ಇಟ್ಟಿದ್ದರು, ನೂರಕ್ಕೆ 98.83 ಸ್ವಾತಂತ್ರ್ಯದ ಪರವಾಗಿ ಬಂತು. 2013ರ ಡಿಸೆಂಬರ್‌ನಲ್ಲಿ ಅವರವರ ನಡುವೆಯೇ ಯುದ್ಧ ಶುರುವಾಯಿತು. ಗುಂಡು ಬಿದ್ದದ್ದು ಅಲ್ಲಿದ್ದವರ ಮೇಲೆ.

ಹಾಗಾದರೆ ಹೊರಗಿರುವ ಯಾರಿಗೂ ಕೊಡಬಾರದಾ? ಇಲ್ಲಿ ನನ್ನ ನಿಯಮ ನನಗೇ ಸ್ವಲ್ಪ ಸಡಿಲ. ಪೂರ್ವ ತಿಮೋರನ್ನು ನೋಡಿ. 1975ರಲ್ಲಿ ಇಂಡೋನೇಷ್ಯಾದ ಸೈನ್ಯ ನುಗ್ಗಿತು, ಜನ ಜೀವ ಉಳಿಸಿಕೊಳ್ಳಲು ಓಡಿದರು. 1999ರ ಆಗಸ್ಟ್ 30ಕ್ಕೆ ವಿಶ್ವಸಂಸ್ಥೆ ಓಟು ಮಾಡಿಸಿದಾಗ ಆಸ್ಟ್ರೇಲಿಯಾ, ಪೋರ್ಚುಗಲ್, ಮಕಾವು, ಮೊಜಾಂಬಿಕ್‌ನಲ್ಲೂ ಹಾಕಿಸಿದರು. ಅದು ಸರಿಯೇ. ಓಡಿಸಿದವನೇ ನಾಳೆ ಬಂದು "ಅವರು ಇಲ್ಲಿ ಇಲ್ಲವಲ್ಲ, ಅವರಿಗೆಂಥ ಓಟು" ಅಂದರೆ ಅದು ಕಳ್ಳನಿಗೆ ಬೀಗದ ಕೈ ಕೊಟ್ಟ ಹಾಗೆ. ನೂರಕ್ಕೆ 78.5 ಜನ ಸ್ವಾತಂತ್ರ್ಯದ ಕಡೆ ಹಾಕಿದರು. ಆಮೇಲೆ ಊರೂರು ಸುಟ್ಟರು, ಅದನ್ನು ಅನುಭವಿಸಿದ್ದೂ ಒಳಗಿದ್ದವರೇ. ಆದರೂ ಓಡಿಹೋದವರು ತಮ್ಮ ಪಾಲಿನ ನೋವನ್ನು ಮೊದಲೇ ಉಂಡಿದ್ದರು.

ನಮ್ಮನ್ನು ಯಾರೂ ಓಡಿಸಲಿಲ್ಲ ಮಾರಾಯ್ರೆ. ಏಜೆಂಟಿಗೆ ದುಡ್ಡು ಕೊಟ್ಟು, ವೀಸಾಕ್ಕೆ ಕಾದು, ಮಾರಿಯಮ್ಮನಿಗೆ ಹರಕೆ ಹೇಳಿ ಹೋದದ್ದು.

ರಕ್ತದ ಮಾತು ತೆಗೆಯುವವರಿಗೆ ನಮ್ಮ ಪಕ್ಕದ ಗೋವಾದ ಒಂದು ಕಥೆ ಇದೆ. 1967ರ ಜನವರಿ 16ಕ್ಕೆ ಅಲ್ಲಿ ಜನಮತ ಕೇಳಿದರು, ಮಹಾರಾಷ್ಟ್ರಕ್ಕೆ ಸೇರುವುದಾ, ಕೇಂದ್ರಾಡಳಿತ ಪ್ರದೇಶವಾಗಿಯೇ ಉಳಿಯುವುದಾ ಅಂತ. ಸ್ವತಂತ್ರ ಭಾರತದಲ್ಲಿ ಇಂಥದ್ದು ನಡೆದದ್ದೇ ಅಪರೂಪ. ಮುಂಬೈಯಲ್ಲಿ ತುಂಬಾ ಗೋವಾದವರಿದ್ದರು. ನಮಗೂ ಓಟು ಕೊಡಿ ಅಂತ ಹೊರಗಿದ್ದವರು ಕೇಳಿದರು. ಕೊಡಲಿಲ್ಲ. ಗೋವಾದಲ್ಲಿ ಇದ್ದವರೇ ಹಾಕಿದರು, 34,021 ಓಟಿನ ಅಂತರದಲ್ಲಿ ಗೋವಾ ಬೇರೆಯಾಗಿಯೇ ಉಳಿಯಿತು. ರಕ್ತವೇ ಲೆಕ್ಕ ಅಂದಿದ್ದರೆ, ಪೋರ್ಚುಗೀಸರ ಕಾಲದಲ್ಲಿ ಗೋವಾದಿಂದ ಇಳಿದುಬಂದ ಕೊಂಕಣಿಯವರಿಗೆಲ್ಲ, ಮಂಗಳೂರಿನ ರಥಬೀದಿಯಿಂದ ಮಿಲಾಗ್ರಿಸ್‌ವರೆಗೆ ಅರ್ಧ ಪೇಟೆಗೆ, ಪಣಜಿಯಲ್ಲಿ ಓಟು ಇರಬೇಕಿತ್ತು. ಅವರು ಕೇಳಲೂ ಇಲ್ಲ. ಅವರ ಊರು ಮಂಗಳೂರು ಆಗಿ ಎಷ್ಟೋ ತಲೆಮಾರು ಕಳೆದಿತ್ತು.

ಚಪ್ಪರದ ಹುಡುಗ ಇದಕ್ಕೊಂದು ಒಳ್ಳೆಯ ಉತ್ತರ ಕೊಟ್ಟಾನು ಅಂತ ನನಗೆ ಗೊತ್ತು. "ಮಾಮಾ, ಮಾಡಿನ ವಿಷಯ ಬಿಡಿ. ಜಾಗವನ್ನೇ ಮಾರುವುದಾದರೆ ನನ್ನ ಸಹಿ ಬೇಡವಾ? ದುಬೈಯಲ್ಲಿದ್ದರೂ ಪವರ್ ಆಫ್ ಅಟಾರ್ನಿ ಕಳಿಸಬೇಕಲ್ವಾ? ದೇಶ ಒಡೆಯುವುದು ಅದಕ್ಕಿಂತ ಸಣ್ಣದಾ?"

ಈ ಮಾತಿಗೆ ನಾನು ಸುಮಾರು ದಿನ ತಡವರಿಸಿದೆ. ಆಸ್ತಿ ತಾಯಿಯ ಕಡೆಯಿಂದ ಬರುವ ನಮ್ಮ ಹಳೆಯ ಅಳಿಯಸಂತಾನ ಕಟ್ಟಿನಲ್ಲಿ ಕುಟುಂಬದ ಆಸ್ತಿಯಲ್ಲಿ ಒಬ್ಬರು ತನಗೆ ಇಷ್ಟ ಬಂದ ಹಾಗೆ ಪಾಲು ಕೇಳುವಂತಿರಲಿಲ್ಲ. 1949ರ ಮದರಾಸು ಅಳಿಯಸಂತಾನ ಕಾಯ್ದೆ ಬಂದ ಮೇಲೆ ಪಾಲಿನ ಹಕ್ಕು ಬಂತು, ಮನೆಮನೆಗಳು ಕೋರ್ಟು ಹತ್ತಿದವು. ಪಾಲು ಅಂದರೆ ಎಲ್ಲಿದ್ದರೂ ನಿಮ್ಮದೇ, ಸಹಿ ಬೇಕೇ ಬೇಕು. ಆದರೆ ದೇಶ ಯಾರ ಪಾಲಿನ ಗದ್ದೆಯೂ ಅಲ್ಲ. ಗದ್ದೆ ಮಾರಿದರೆ ನಿಮಗೆ ದುಡ್ಡು ಬರುತ್ತದೆ. ದೇಶ ಒಡೆದರೆ ದುಬೈಯಲ್ಲಿರುವವನ ಕೈಗೆ ಏನೂ ಬರುವುದಿಲ್ಲ, ಏನೂ ಹೋಗುವುದೂ ಇಲ್ಲ. ಅಲ್ಲಿರುವವನಿಗೆ ರೇಷನ್ ಕಾರ್ಡು, ಪಿಂಚಣಿ, ಗಡಿಯಾಚೆಗೆ ಮದುವೆಯಾಗಿ ಹೋದ ಮಗಳು, ಎಲ್ಲವೂ ಒಂದೇ ರಾತ್ರಿಯಲ್ಲಿ ಬೇರೆ ಲೆಕ್ಕಕ್ಕೆ ಹೋಗುತ್ತದೆ. ಮಾಂಟೆನೆಗ್ರೊದಲ್ಲಿ 2006ರಲ್ಲಿ ನೂರಕ್ಕೆ 55 ಬಂದರೆ ಮಾತ್ರ ಸ್ವಾತಂತ್ರ್ಯ ಅಂತ ಗೆರೆ ಎಳೆದಿದ್ದರು. ಬಂದದ್ದು 55.5. ಎರಡು ಸಾವಿರ ಚಿಲ್ಲರೆ ಓಟಿನಲ್ಲಿ ಒಂದು ದೇಶ ಹುಟ್ಟಿತು. ಅಂಥಲ್ಲಿ ಹತ್ತಿಪ್ಪತ್ತು ವಿಮಾನ ತುಂಬ ಬಂದವರೂ ದೇಶದ ಗಡಿ ಬದಲಿಸಬಲ್ಲರು. ಅವರು ಓಟು ಹಾಕಿ ಅದೇ ವಾರ ವಾಪಸು ಹೋಗುವವರಾದರೆ?

ಆದರೆ ಮಾಮೂಲಿ ಚುನಾವಣೆಗೆ ನಾನು ಪೂರ್ತಿ ನಿಮ್ಮ ಪಕ್ಷ. ಗಲ್ಫಿಗೆ ಹೋದವನು ಅಲ್ಲಿಯವನಾಗುವುದಿಲ್ಲ. 30 ವರ್ಷ ಇದ್ದರೂ ಅಲ್ಲಿ ಪೌರತ್ವ ಸಿಗುವುದು ತೀರಾ ಅಪರೂಪ. ಕೆಲಸ ಮುಗಿದ ದಿನ ವೀಸಾ ಮುಗಿಯುತ್ತದೆ, ಬಂದು ಇಳಿಯುವುದು ಬಜ್ಪೆ ವಿಮಾನ ನಿಲ್ದಾಣದಲ್ಲೇ. ಹೆಂಡತಿ ಮಕ್ಕಳು, ಮುದಿ ತಂದೆತಾಯಿ ಇಲ್ಲೇ. ಇಲ್ಲಿಯ ರಸ್ತೆ, ಆಸ್ಪತ್ರೆ, ಶಾಲೆ ಎಲ್ಲದರ ಫಲವನ್ನೂ ಅವನು ಉಣ್ಣುತ್ತಾನೆ. ಬೇರೆ ಪೌರತ್ವ ತೆಗೆದುಕೊಂಡು ಒಸಿಐ ಕಾರ್ಡು ಇಟ್ಟುಕೊಂಡವರಿಗೆ ಇಲ್ಲಿ ಓಟಿಲ್ಲ, ಅದು ಸರಿಯಾಗಿಯೇ ಇದೆ. ನಮ್ಮ ಪಾಸ್‌ಪೋರ್ಟು ಇರುವವರಿಗೆ 2011ರಿಂದ ಹಕ್ಕು ಇದೆ, ಫಾರ್ಮ್ 6ಎ ತುಂಬಿ ಹೆಸರು ಸೇರಿಸಬಹುದು. ಆದರೆ ಓಟು ಹಾಕಲು ಪಾಸ್‌ಪೋರ್ಟು ಹಿಡಿದು ನಿಮ್ಮ ಮತಗಟ್ಟೆಗೇ ಬರಬೇಕು! 2024ರ ಲೋಕಸಭಾ ಚುನಾವಣೆಗೆ ಇಡೀ ದೇಶದಲ್ಲಿ ಹೀಗೆ ಹೆಸರು ಸೇರಿಸಿದವರು ಸುಮಾರು 1.19 ಲಕ್ಷ, ಅದರಲ್ಲಿ ಹೆಚ್ಚಿನವರು ಕೇರಳದವರು. ಬಂದು ಹಾಕಿದವರು 3 ಸಾವಿರ ಮುಟ್ಟಲಿಲ್ಲ. ನಮ್ಮಲ್ಲಿ ಓಟಿದ್ದ ಏಪ್ರಿಲ್ 26ಕ್ಕೆ ಒಂದು ಗುಂಡಿ ಒತ್ತಲು ದುಬೈಯಿಂದ ಟಿಕೆಟ್ ತೆಗೆಯುವುದು ಯಾರಿಗೆ ಸಾಧ್ಯ? ನನ್ನ ಹೆಸರನ್ನಂತೂ ನಾನು ಜೆದ್ದಾದಲ್ಲಿದ್ದಾಗ ಪಟ್ಟಿಯಿಂದಲೇ ತೆಗೆದಿದ್ದರು. ಊರಿಗೆ ಬಂದ ಮೇಲೆ ಒಂದು ಕಚೇರಿಗೆ ನಾಲ್ಕು ಸಲ ಹೋಗಿ, ನಾನು ಇದ್ದೇನೆ ಅಂತ ತೋರಿಸಿ ಸೇರಿಸಬೇಕಾಯಿತು.

ನಮ್ಮ ಬದಲು ಇನ್ನೊಬ್ಬರು ಓಟು ಹಾಕುವ ಮಸೂದೆಯನ್ನು ಲೋಕಸಭೆ 2018ರಲ್ಲಿ ಪಾಸು ಮಾಡಿತ್ತು. ರಾಜ್ಯಸಭೆ ದಾಟಲಿಲ್ಲ, 2019ರಲ್ಲಿ ಬಿದ್ದುಹೋಯಿತು. ಬಿದ್ದದ್ದೇ ಒಳ್ಳೆಯದಾಯಿತು ಅಂತ ನನ್ನ ಅನಿಸಿಕೆ. ಪಾಸಾಗಿದ್ದರೆ ನಮ್ಮ ಮನೆಗಳಲ್ಲಿ ಭಾವ ಒಬ್ಬರೇ ಹೋಗಿ ಎಲ್ಲರ ಓಟನ್ನೂ ತಮಗೆ ಬೇಕಾದವರಿಗೆ ಹಾಕಿ ಬರುತ್ತಿದ್ದರು. ಸೈನಿಕರಿಗೆ ಮತಪತ್ರವನ್ನು ಇಂಟರ್‌ನೆಟ್ಟಿನಲ್ಲಿ ಕಳಿಸಿ ಅಂಚೆಯಲ್ಲಿ ವಾಪಸು ತರಿಸುವ ವ್ಯವಸ್ಥೆ ಇದೆಯಲ್ಲ, ಅದನ್ನೇ ಹೊರದೇಶದವರಿಗೂ ಕೊಡಬಹುದು ಅಂತ ಚುನಾವಣಾ ಆಯೋಗವೇ 2020ರಲ್ಲಿ ಕೇಂದ್ರಕ್ಕೆ ಹೇಳಿತ್ತು. ಅದನ್ನು ಕೇಳಿ. ನಿಮ್ಮ ಸಂಘಗಳ ವಾರ್ಷಿಕೋತ್ಸವಕ್ಕೆ ಇಲ್ಲಿಂದ ಸಂಸದರು, ಶಾಸಕರು ಬರುತ್ತಾರಲ್ಲ, ಶಾಲು ಹೊದಿಸುವ ಮೊದಲು ಕೇಳಿ. ಆ ಕಾಗದಕ್ಕೆ ನನ್ನದೂ ಒಂದು ಸಹಿ ಇರಲಿ.

ಮಾಡಿನ ವಿಷಯ ಏನಾಯಿತು ಅಂತ ಕೇಳುವವರಿಗೆ: ಹಂಚಿನ ಮೇಲೆ ಕಬ್ಬಿಣದ ಪೈಪು ನಿಲ್ಲಿಸಿ ತಗಡಿನ ಶೀಟು ಹೊದಿಸಿದ್ದೇವೆ. ದೊಡ್ಡಮ್ಮನಿಗೆ ಸಮಾಧಾನ ಇಲ್ಲ, ಮಳೆ ಬಂದರೆ ಕಿವಿ ಕೇಳುವುದಿಲ್ಲ ಅಂತಾರೆ. ನಿಮಗೂ ಸಮಾಧಾನ ಇಲ್ಲ, ಫೋಟೋದಲ್ಲಿ ಚಂದ ಬರುವುದಿಲ್ಲ. ಮೂರು ಕಡೆ ಇನ್ನೂ ಸೋರುತ್ತದೆ. ಶೀಟಿನ ಬಾಬ್ತು ಹನ್ನೊಂದು ಜನರ ಪಾಲು ಬರಬೇಕು. ಹೆಸರು ಇಲ್ಲಿ ಬರೆಯುವುದಿಲ್ಲ, ಗುಂಪಿನಲ್ಲಿ ಹಾಕಿದ್ದೇನೆ.

ಇತಿ ನಿಮ್ಮವನೇ,
ಜೆದ್ದಾದಿಂದ ವಾಪಸು ಬಂದ ಒಬ್ಬ ಕಟಪಾಡಿಯವ